ಈ ಚಿತ್ರದಲ್ಲಿ ಎಷ್ಟು ಗಂಟೆ ಆಗಿದೆ?

ಹೊಸ ಕೆಲಸ ಕೈಗೆ ಬಂದಾಗ ಆರ್ಕಿಟೆಕ್ಟ್‌ಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಹೆಚ್ಚಿನವರು "ಹಗಲು" ಎನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ "ಒಳ್ಳೆ ಬಿಸಿಲಿರಲಿ" ಎನ್ನುತ್ತಾರೆ. ನಾನು ಅಲ್ಲಿಗೆ ಬಿಡುವುದಿಲ್ಲ. ಯಾವ ತಿಂಗಳು? ಬೆಳಿಗ್ಗೆಯೋ ಸಂಜೆಯೋ? ಐದು ನಿಮಿಷದ ಹಿಂದೆ ಇಲ್ಲಿ ಏನು ನಡೆಯುತ್ತಿತ್ತು? ಈಗಷ್ಟೇ ಎದ್ದು ಹೋದವರು ಯಾರು? ಇದಕ್ಕೆಲ್ಲ ಉತ್ತರ ಸಿಗುವವರೆಗೆ ನಾನು ಸಾಫ್ಟ್‌ವೇರ್ ತೆರೆಯುವುದಿಲ್ಲ.

ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಮಾಡುವುದು ನನ್ನ ಕೆಲಸ. ಆರ್ಕಿಟೆಕ್ಚರಲ್ ವಿಶುವಲೈಸೇಶನ್. ಫೋಟೋದ ಹಾಗೆ ಕಾಣುವ ರೆಂಡರ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಮೂಡಿಸುವ ಚಿತ್ರ, ತೆಗೆಯುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. ವಿ-ರೇ, ಕರೋನಾ, ಬ್ಲೆಂಡರ್, ಅನ್‌ರಿಯಲ್, ಯಾವ ಸಾಫ್ಟ್‌ವೇರ್ ಹಿಡಿದರೂ ಬೆಳಕಿನ ಲೆಕ್ಕವನ್ನು ಅದೇ ಮಾಡಿಕೊಡುತ್ತದೆ. ಗಾಜು ಗಾಜಿನ ಹಾಗೆ, ಮರ ಮರದ ಹಾಗೆ ಕಾಣುತ್ತದೆ. ಆದರೂ ಎಷ್ಟೋ ರೆಂಡರ್‌ಗಳು ನೋಡಿದ ಮರುಕ್ಷಣವೇ ಮರೆತುಹೋಗುತ್ತವೆ. ತಪ್ಪು ಹುಡುಕಿದರೆ ಒಂದೂ ಸಿಗುವುದಿಲ್ಲ. ಆದರೆ ಆ ಕೋಣೆಯಲ್ಲಿ ಯಾರೂ ಓಡಾಡಿದ ಹಾಗಿಲ್ಲ. ಅಲ್ಲಿ ಹೊತ್ತು ಅನ್ನುವುದೇ ಇಲ್ಲ.

ಆಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದಿಷ್ಟು ಮಂಜು ಹಾಕುತ್ತಾರೆ. ಆಕಾಶದಲ್ಲಿ ಹಕ್ಕಿಗಳ ಹಿಂಡು. ಮುಂದುಗಡೆ ಮಸುಕಾದ ಎಲೆ. ದೀಪದ ಸುತ್ತ ಗ್ಲೋ. ಮೇಲೆ ಕಿತ್ತಳೆ-ನೀಲಿ ಕಲರ್ ಗ್ರೇಡಿಂಗ್. ಮನೆ ಇರಲಿ, ಶಾಲೆ ಇರಲಿ, ಇದೇ ಪಟ್ಟಿ. ಕೊನೆಗೆ ಮೂಡ್ ಮಾತ್ರ ಉಳಿದು ಕಟ್ಟಡ ಕಳೆದುಹೋಗುತ್ತದೆ. ನಾನು ನಂಬಿರುವುದು ಇಷ್ಟು: ಪ್ರತಿ ಒಳ್ಳೆಯ ಕಟ್ಟಡಕ್ಕೂ ಅದು ನಿಜವಾಗಿ ಕೊಡಬಲ್ಲ ಒಂದು ಗಳಿಗೆ ಇರುತ್ತದೆ. ಆ ಗೋಡೆ, ಆ ಕಿಟಕಿ, ಆ ದಿಕ್ಕು ಸೇರಿದಾಗ ಮಾತ್ರ ಬರುವ ಗಳಿಗೆ. ಮೊದಲು ಅದನ್ನು ಹುಡುಕಬೇಕು. ಸಿಕ್ಕಿದ ಮೇಲೆ ಚಿತ್ರದಲ್ಲಿರುವ ಪ್ರತಿಯೊಂದನ್ನೂ ಅದಕ್ಕೆ ಹೊಂದಿಸಬೇಕು. ಹೊಂದದ್ದನ್ನು ತೆಗೆದುಹಾಕಬೇಕು.

ಈ ಮಾತಿಗೆ ನಾನು ಯಾವಾಗಲೂ ತೋರಿಸುವುದು ಒಂದು ಫೋಟೋವನ್ನು. ಲಾಸ್ ಏಂಜಲೀಸ್‌ನ ಗುಡ್ಡದ ಮೇಲೆ ಪಿಯರ್ ಕೋನಿಗ್ ವಿನ್ಯಾಸ ಮಾಡಿದ ಸ್ಟಾಲ್ ಹೌಸ್. ಜೂಲಿಯಸ್ ಶುಲ್ಮನ್ 1960ರಲ್ಲಿ ತೆಗೆದದ್ದು. ಗಾಜಿನ ಮೂಲೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ. ಅವರಾಚೆ, ಕೆಳಗೆ, ದೂರದವರೆಗೂ ನಗರದ ದೀಪಗಳು. ದೀಪಗಳು ಮೂಡಲು ಹಲವು ನಿಮಿಷಗಳ ಎಕ್ಸ್‌ಪೋಷರ್, ಕೂತವರಿಗೆ ಫ್ಲ್ಯಾಶ್. ಎರಡೂ ಒಂದೇ ಫಿಲ್ಮಿನ ಮೇಲೆ. ಅಂದರೆ ಇದು ಪೂರ್ತಿ ಜೋಡಿಸಿದ ದೃಶ್ಯ. ಆದರೆ ಸುಳ್ಳಿನ ದೃಶ್ಯವಲ್ಲ. ಗುಡ್ಡದ ಅಂಚಿನಿಂದ ಆಚೆಗೆ ಚಾಚಿ ನಿಲ್ಲಬೇಕು ಅನ್ನುವುದು ಆ ಮನೆಯ ವಿನ್ಯಾಸದಲ್ಲೇ ಇದೆ. ಹಗಲಲ್ಲಿ ಅದು ಅಂದವಾದ ಗಾಜಿನ ಮನೆ. ರಾತ್ರಿಯಲ್ಲಿ ಅದು ನಗರದ ಮೇಲೆ ತೇಲುತ್ತದೆ. ಶುಲ್ಮನ್ ಸರಿಯಾದ ಹೊತ್ತನ್ನು ಆರಿಸಿದರು, ಕಥೆ ತಾನಾಗಿ ಬಂತು.

ನಾನು ಮಾಡಿದ ಒಂದು ಚಿತ್ರವನ್ನೇ ತೆಗೆದುಕೊಂಡು ಹೇಳುತ್ತೇನೆ. ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ. ಮಕ್ಕಳ ವಿಭಾಗದಲ್ಲಿ ಕೂತು ಓದಲು ಅಗಲವಾದ ಮೆಟ್ಟಿಲುಗಳಿವೆ. ಪಕ್ಕದ ಗೋಡೆಯಲ್ಲಿ ಒಂದು ಕಿಟಕಿ. ಡ್ರಾಯಿಂಗ್ ನೋಡುವಾಗ ಒಂದು ಅಂಕಿ ಕಣ್ಣಿಗೆ ಬಿತ್ತು. ಉಳಿದ ಕಿಟಕಿಗಳ ಸಿಲ್, ಅಂದರೆ ಕೆಳ ಅಂಚು, ನೆಲದಿಂದ 90 ಸೆಂಟಿಮೀಟರ್ ಮೇಲಿದ್ದರೆ ಇದರದ್ದು 40 ಮಾತ್ರ. ಯಾಕೆ ಹೀಗೆ ಎಂದು ಕೇಳಿದೆ. "ಮಗು ಕೂತಾಗಲೂ ಹೊರಗೆ ಕಾಣಬೇಕು ಅಲ್ವಾ?" ಎಂದರು ಆರ್ಕಿಟೆಕ್ಟ್. ನನಗೆ ಚಿತ್ರ ಸಿಕ್ಕಿತು.

ಒಳಾಂಗಣದಲ್ಲಿ ಕ್ಯಾಮೆರಾವನ್ನು 1.5 ಅಥವಾ 1.6 ಮೀಟರ್ ಎತ್ತರಕ್ಕೆ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ ಇಡುವವರು ಬಹಳ. ಅಲ್ಲಿಂದ ನೋಡಿದರೆ ಈ ಕಿಟಕಿ ಗೋಡೆಯ ಬುಡದಲ್ಲಿರುವ ಒಂದು ಕಿಂಡಿ. ಆಚೆಗಿನ ನೆಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕ್ಯಾಮೆರಾವನ್ನು 80 ಸೆಂಟಿಮೀಟರ್‌ಗೆ ಇಳಿಸಿದೆ, ಕೂತ ಮಗುವಿನ ಕಣ್ಣಿನ ಹತ್ತಿರಕ್ಕೆ. ಕಿಟಕಿ ತಟ್ಟನೆ ದೊಡ್ಡದಾಯಿತು. ಹೊರಗಿನ ಮರದ ಕಾಂಡ, ಅದರಾಚೆಯ ಕಾಲುದಾರಿ ಚೌಕಟ್ಟಿನೊಳಗೆ ಬಂದವು. ಪುಸ್ತಕದ ಕಪಾಟುಗಳು ಎತ್ತರವಾಗಿ ನಿಂತವು. ಲೆನ್ಸ್ 35 ಎಂಎಂ ಇಟ್ಟುಕೊಂಡೆ. ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಅಗಲವಾಗಿ ನೋಡುತ್ತದೆ. 20 ಅಥವಾ 24ಕ್ಕೆ ಹೋದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ನಿಜ. ಆದರೆ ಮೂಲೆಯಲ್ಲಿ ಮುದುಡಿಕೊಂಡು ಕೂತು ಓದುವ ಸುಖ ಅದರಲ್ಲಿ ಉಳಿಯುವುದಿಲ್ಲ.

ಇನ್ನು ಹೊತ್ತು. ಕಿಟಕಿ ಇರುವುದು ಉತ್ತರಕ್ಕೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವ ಯಾವ ಜಾಗದಲ್ಲೂ ಉತ್ತರದ ಕಿಟಕಿಯಿಂದ ನಡುಮಧ್ಯಾಹ್ನದ ಬಿಸಿಲು ಒಳಗೆ ಬರಲು ಸಾಧ್ಯವಿಲ್ಲ. ಈ ಕಟ್ಟಡ ಇರುವುದೂ ಅಂಥ ಕಡೆಯೇ. ಹಾಗಾಗಿ ಮೆಟ್ಟಿಲ ಮೇಲೆ ಬಿಸಿಲಿನ ಪಟ್ಟೆ ಎಳೆಯುವ ಯೋಚನೆಯನ್ನೇ ಮಾಡಲಿಲ್ಲ. ಮೋಡ ಕವಿದ ದಿನ. ಮಳೆ ಈಗಷ್ಟೇ ನಿಂತಿದೆ. ಶಾಲೆ ಬಿಟ್ಟ ಮೇಲಿನ ಹೊತ್ತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಾದಷ್ಟೂ ನೀಲಿ. ಮೋಡದ ಬೆಳಕು ಸುಮಾರು 6500 ಕೆಲ್ವಿನ್. ಕಪಾಟಿನ ದೀಪ 2700. ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕು ಬಿಳಿಯಾಗಿ ಕಾಣಬೇಕು ಅನ್ನುವ ಅಂಕಿಯನ್ನು, 5000ದ ಆಸುಪಾಸು ಇಟ್ಟರೆ ಕಿಟಕಿಯ ಕಡೆ ತುಸು ನೀಲಿ, ದೀಪದ ಕಡೆ ತುಸು ಹಳದಿ. ಎರಡನ್ನೂ ಬಿಳಿ ಮಾಡಲು ಹೋಗಬಾರದು. ಹೊರಗೆ ಥಂಡಿ, ಒಳಗೆ ಬೆಚ್ಚಗೆ ಎಂದು ನೋಡುವವರ ಮೈಗೆ ಹೇಳುವುದು ಆ ಬಣ್ಣಗಳ ಅಂತರವೇ.

ಮೆಟ್ಟಿಲ ಮೇಲೆ ಒಬ್ಬಳೇ ಹುಡುಗಿ. ತೊಡೆಯ ಮೇಲೆ ಪುಸ್ತಕ ತೆರೆದಿದೆ, ನೋಟ ಕಿಟಕಿಯಾಚೆ ಹೋಗಿದೆ. ಮುಖ ಅರ್ಧ ಮಾತ್ರ ಕಾಣುತ್ತದೆ. ಅವಳ ಪಕ್ಕ ಇನ್ನೊಂದು ದಿಂಬು. ಅದರ ನಡುವೆ ಯಾರೋ ಕೂತು ಎದ್ದ ಗುಳಿ. ಅದರ ಪಕ್ಕ ಬೋರಲು ಹಾಕಿದ ಇನ್ನೊಂದು ಪುಸ್ತಕ. ಪುಸ್ತಕ ಮುಚ್ಚಿಲ್ಲ, ಬೋರಲಾಗಿದೆ. ಅಂದರೆ ಹೋದವರು ವಾಪಸ್ ಬರುತ್ತಾರೆ. ಆ ಗುಳಿಗಾಗಿ ಬಟ್ಟೆಯ ಸಿಮ್ಯುಲೇಶನ್ ಓಡಿಸಿದೆ. ದಿಂಬಿನ ಮೇಲೆ ಒಂದು ಭಾರ ಒತ್ತಿ, ಅದನ್ನು ಎತ್ತಿ, ದಿಂಬು ಪೂರ್ತಿ ಉಬ್ಬುವ ಮುಂಚೆ ಫ್ರೇಮ್ ನಿಲ್ಲಿಸಿದೆ. ಸಭೆಯಲ್ಲಿ ಈ ಚಿತ್ರ ತೋರಿಸಿದಾಗ ದಿಂಬಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆದರೆ ಒಬ್ಬರು "ಇನ್ನೊಂದು ಮಗು ಎಲ್ಲಿ ಹೋಯಿತು?" ಎಂದು ಕೇಳಿದರು. ನನಗೆ ಬೇಕಾಗಿದ್ದು ಅದೇ ಪ್ರಶ್ನೆ.

ಕಿಟಕಿಯಾಚೆಯ ಕಾಲುದಾರಿ ಒದ್ದೆಯಾಗಿದೆ. ಒದ್ದೆ ನೆಲ ಎಂದರೆ ಬರೀ ಹೊಳಪು ಹೆಚ್ಚಿಸುವುದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಒದ್ದೆ ಕಾಂಕ್ರೀಟು ಒಣ ಕಾಂಕ್ರೀಟಿಗಿಂತ ಕಪ್ಪಗೂ ಇರುತ್ತದೆ. ನೆಲದಿಂದ ಚದುರಿದ ಬೆಳಕಿನಲ್ಲಿ ಒಂದು ಪಾಲು ನೀರಿನ ತೆಳು ಪೊರೆಯನ್ನು ದಾಟಲಾಗದೆ ಮತ್ತೆ ನೆಲಕ್ಕೇ ಬೀಳುತ್ತದೆ. ಪ್ರತಿ ಸಲ ನೆಲ ಸ್ವಲ್ಪ ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿ ರಫ್‌ನೆಸ್ (ಮೇಲ್ಮೈಯ ಒರಟುತನದ ಅಂಕಿ, ಇಳಿದಷ್ಟೂ ಹೊಳಪು) ಇಳಿಸುವ ಜೊತೆಗೆ ಮೂಲ ಬಣ್ಣವನ್ನೂ ಗಾಢ ಮಾಡಬೇಕು. ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ಸೂರಿನ ಕೆಳಗೆ ಗೋಡೆಗುಂಟ ಒಂದು ಒಣ ಪಟ್ಟೆ ಬಿಟ್ಟೆ. ಸೂರು ಚಿತ್ರದಲ್ಲಿ ಕಾಣುವುದೇ ಇಲ್ಲ. ಆದರೂ ಮೇಲೆ ಸೂರಿದೆ, ಅದು ಇಷ್ಟು ಮುಂದೆ ಚಾಚಿದೆ, ಅದರಡಿ ನಿಂತರೆ ನೆನೆಯುವುದಿಲ್ಲ ಎಂದು ಆ ಪಟ್ಟೆ ಹೇಳುತ್ತದೆ. ಮಳೆಯನ್ನು ನಾನು ಮೂಡ್‌ಗೆಂದು ತಂದಿರಲಿಲ್ಲ. ಆರ್ಕಿಟೆಕ್ಟ್ ಎಳೆದ ಒಂದು ಗೆರೆ ಏನು ಕೆಲಸ ಮಾಡುತ್ತದೆ ಎಂದು ತೋರಿಸಲು ತಂದಿದ್ದೆ.

ಬೆಳಕಿನ ಬಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. ಚಿತ್ರ ಜೀವ ಪಡೆಯುವುದು ಅಥವಾ ಸಾಯುವುದು ಇಲ್ಲೇ.

ಸೂರ್ಯ ನಮಗೆ ಒಂದು ಚುಕ್ಕೆಯಾಗಿ ಕಾಣುವುದಿಲ್ಲ. ಆಕಾಶದಲ್ಲಿ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಇದರಿಂದಾಗಿ ನೆರಳಿನ ಅಂಚು ದೂರ ಹೋದಷ್ಟೂ ಮೆತ್ತಗಾಗುತ್ತದೆ. ವಸ್ತುವಿನಿಂದ ಒಂದು ಮೀಟರ್ ದೂರದಲ್ಲಿ ಬೀಳುವ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕು. ಹತ್ತು ಮೀಟರ್ ದೂರವಾದರೆ ಸುಮಾರು 9 ಸೆಂಟಿಮೀಟರ್. ಅದಕ್ಕೇ ಎತ್ತರದ ಮರದ ಕೆಳಗೆ ಎಲೆಗಳ ಆಕಾರ ಕಾಣುವುದಿಲ್ಲ, ದುಂಡನೆಯ ಬೆಳಕಿನ ಬಿಲ್ಲೆಗಳು ಕಾಣುತ್ತವೆ. ಎಲೆಗಳ ನಡುವಿನ ಸಣ್ಣ ಸಂದುಗಳಿಂದ ಇಳಿದ ಸೂರ್ಯನ ಬಿಂಬಗಳು ಅವು. ರೆಂಡರ್‌ನಲ್ಲಿ ಸೂರ್ಯನ ಗಾತ್ರ ಸೊನ್ನೆಗೆ ಹತ್ತಿರವಿದ್ದರೆ ಕಿಟಕಿ ಸರಳಿನ ನೆರಳೂ ಮರದ ನೆರಳೂ ಒಂದೇ ಹರಿತ. ಆಗ ಯಾವುದು ಹತ್ತಿರ, ಯಾವುದು ದೂರ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮರ ಕಟ್ಟಡಕ್ಕೆ ಅಂಟಿಸಿದ ಹಾಗಿರುತ್ತದೆ.

ಎರಡನೆಯದು ಬಿಳಿ ಗೋಡೆ. ಒಳ್ಳೆಯ ಬಿಳಿ ಬಣ್ಣ ಹೊಡೆದ ಗೋಡೆ ಬಿದ್ದ ಬೆಳಕಿನಲ್ಲಿ ಸುಮಾರು 80 ಶೇಕಡವನ್ನು ವಾಪಸ್ ಕೊಡುತ್ತದೆ. ನಾವು ಸೀನ್‌ನಲ್ಲಿ ಸುಮ್ನೆ 95 ಇಟ್ಟುಬಿಡುತ್ತೇವೆ. ಬೆಳಕು ಐದು ಸಲ ಪುಟಿದ ಮೇಲೆ ಲೆಕ್ಕ ಹಾಕಿ. 80ರಲ್ಲಿ ಉಳಿಯುವುದು ಮೂರರಲ್ಲಿ ಒಂದು ಪಾಲು. 95ರಲ್ಲಿ ಮುಕ್ಕಾಲಿಗಿಂತ ಜಾಸ್ತಿ. ಮೂಲೆಯಲ್ಲಿ, ಬಾಗಿಲ ಹಿಂದೆ, ಮೇಜಿನ ಕೆಳಗೆ ಇರಬೇಕಾದ ಕತ್ತಲು ಎಲ್ಲಿ ಹೋಯಿತು ಎಂದರೆ ಹೀಗೆ ಹೋಯಿತು. ಕೋಣೆ ಸಪ್ಪೆಯಾಗಿದೆ ಎಂದು ಆಮೇಲೆ ಫೋಟೋಶಾಪಿನಲ್ಲಿ ಕಾಂಟ್ರಾಸ್ಟ್ ಹಾಕುವುದಕ್ಕಿಂತ ಗೋಡೆಯ ಆ ಒಂದು ಅಂಕಿಯನ್ನು ಸರಿ ಮಾಡುವುದು ವಾಸಿ.

ಕತ್ತಲಿನ ಮೇಲೆ ನನಗೆ ತುಂಬಾ ಗೌರವ. ಇದರಲ್ಲಿ ಕಟ್ಟಡಗಳ ಚಿತ್ರ ಬಿಡಿಸುತ್ತಿದ್ದ ಅಮೆರಿಕದ ಹ್ಯೂ ಫೆರಿಸ್ ನನ್ನ ಗುರು. ನ್ಯೂಯಾರ್ಕಿನಲ್ಲಿ 1916ರಲ್ಲಿ ಕಟ್ಟಡಗಳು ಮೇಲೆ ಹೋದಂತೆ ಹಿಂದಕ್ಕೆ ಸರಿಯಬೇಕು ಎಂಬ ಕಾನೂನು ಬಂತು. ಕೆಳಗಿನ ಬೀದಿಗೆ ಗಾಳಿ ಬೆಳಕು ಸಿಗಲಿ ಎಂದು. ಆ ಕಾನೂನು ಒಪ್ಪುವ ಗರಿಷ್ಠ ಆಕಾರ ಹೇಗಿರುತ್ತದೆ, ಅದನ್ನು ಹಂತ ಹಂತವಾಗಿ ಕೊರೆದು ಕಟ್ಟಡ ಮಾಡುವುದು ಹೇಗೆ ಎಂದು ಫೆರಿಸ್ 1922ರಲ್ಲಿ ಇದ್ದಿಲಿನಲ್ಲಿ ಚಿತ್ರಿಸಿದರು. ಜೊತೆಗಿದ್ದವರು ಆರ್ಕಿಟೆಕ್ಟ್ ಹಾರ್ವೆ ವೈಲಿ ಕಾರ್ಬೆಟ್. ಕಿಟಕಿಗಳ ವಿವರವಿಲ್ಲ, ಅಲಂಕಾರವಿಲ್ಲ. ಕತ್ತಲಿನಿಂದ ಎದ್ದುಬರುವ ದೊಡ್ಡ ದೊಡ್ಡ ಮೈಗಳು, ಅಷ್ಟೇ. ಒಣ ಕಾನೂನಿನ ಪಠ್ಯವನ್ನು ಆ ಚಿತ್ರಗಳು ಒಂದು ನಗರದ ಕನಸನ್ನಾಗಿ ಮಾಡಿದವು. ಅವರಿಂದ ನಾನು ಕಲಿತದ್ದು: ಚಿತ್ರದಲ್ಲಿ ಒಂದೇ ಒಂದು ಜಾಗ ಎಲ್ಲಕ್ಕಿಂತ ಬೆಳಗಿರಲಿ, ಉಳಿದವು ಅದಕ್ಕೆ ದಾರಿ ಬಿಡಲಿ. ಗ್ರಂಥಾಲಯದ ಚಿತ್ರದಲ್ಲಿ ಆ ಜಾಗ ಹುಡುಗಿಯ ಕೆನ್ನೆ. ಅದಕ್ಕಾಗಿ ಡ್ರಾಯಿಂಗ್‌ನಲ್ಲಿದ್ದ ಚಾವಣಿ ದೀಪಗಳಲ್ಲಿ ಅರ್ಧದಷ್ಟನ್ನು ಆರಿಸಿದೆ. ಹಗಲು ಹೊತ್ತಿನಲ್ಲಿ ನಿಜವಾಗಿಯೂ ಅವು ಆರಿರುತ್ತವೆ ತಾನೇ.

ಸಂಜೆಯ ರೆಂಡರ್‌ಗಳನ್ನು ಎಲ್ಲರೂ ಯಾಕೆ ಇಷ್ಟಪಡುತ್ತಾರೆ ಅನ್ನುವುದಕ್ಕೂ ಲೆಕ್ಕ ಇದೆ. ಬೆಳಕಿನ ಪ್ರಮಾಣವನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ, ಮನೆಯೊಳಗಿನ ದೀಪ ನೂರು ಇನ್ನೂರು ಲಕ್ಸ್. ಹಗಲಲ್ಲಿ ಕಿಟಕಿ ಹೊರಗಿನಿಂದ ಕಪ್ಪು ತೂತಾಗಿ ಕಾಣುವುದು ಅದಕ್ಕೇ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಹೊರಗಿನ ಬೆಳಕು ಇಳಿದು ಒಳಗಿನದಕ್ಕೆ ಸಮ ಬರುತ್ತದೆ. ಆಗ ಹೊರಗೋಡೆಯೂ ಒಳಕೋಣೆಯೂ ಒಟ್ಟಿಗೆ ಕಾಣುತ್ತವೆ. ಈ ಹೊತ್ತು ಎಲ್ಲ ಕಡೆ ಒಂದೇ ಉದ್ದವಲ್ಲ. ಸಮಭಾಜಕದ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೇರವಾಗಿ, ಗಂಟೆಗೆ 15 ಡಿಗ್ರಿಯಂತೆ ಇಳಿಯುತ್ತದೆ. ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗಲು ಸುಮಾರು 24 ನಿಮಿಷ ಸಾಕು. ಧ್ರುವಗಳ ಕಡೆ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುವುದರಿಂದ ಇದೇ ಹೊತ್ತು ತುಂಬಾ ಎಳೆಯುತ್ತದೆ. ಕಟ್ಟಡ ಎಲ್ಲಿದೆಯೋ ಅಲ್ಲಿನ ಸಂಜೆಯನ್ನೇ ಹಾಕಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜನರ ವಿಷಯಕ್ಕೆ ಬರೋಣ. ರೆಡಿಮೇಡ್ ಕಟೌಟ್ ಜನರು ಚಿತ್ರ ಕೆಡಿಸುವಷ್ಟು ಬೇರೆ ಯಾವುದೂ ಕೆಡಿಸುವುದಿಲ್ಲ. ಫೋನ್ ಹಿಡಿದು ನಗುವವರು, ಕೈ ಕೈ ಹಿಡಿದ ಜೋಡಿ, ಬಲೂನ್ ಹಿಡಿದ ಮಗು. ಇವರು ಯಾವ ಕಟ್ಟಡಕ್ಕೂ ಸೇರಿದವರಲ್ಲ. ನನಗೆ ದಾರಿ ತೋರಿಸಿದ್ದು ಡೆನ್ಮಾರ್ಕಿನ ಚಿತ್ರಕಾರ ವಿಲ್ಹೆಲ್ಮ್ ಹಾಮರ್ಶೊಯ್. ಕೋಪನ್‌ಹೇಗನ್ನಿನ ಸ್ಟ್ರಾಂಡ್‌ಗೇಡ್ 30ರ ಮನೆಯಲ್ಲಿ ಅವರು 1898ರಿಂದ 1909ರವರೆಗೆ ಇದ್ದರು. ಅದೇ ಕೋಣೆಗಳನ್ನು ಮತ್ತೆ ಮತ್ತೆ ಬಿಡಿಸಿದರು. ಅವುಗಳಲ್ಲಿ ಅನೇಕದರಲ್ಲಿ ಹೆಂಡತಿ ಇಡಾ ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಮುಖ ಕಾಣದಿದ್ದಾಗ ನಮ್ಮ ಗಮನ ಆಕೆ ನೋಡುತ್ತಿರುವ ಕಡೆ, ಆಕೆ ನಿಂತಿರುವ ಬೆಳಕಿನ ಕಡೆ ಹೋಗುತ್ತದೆ. ಅಂದರೆ ಕೋಣೆಯ ಕಡೆ. ನಮಗೆ ಬೇಕಾಗಿರುವುದೂ ಅದೇ ತಾನೇ? 1900ರ ಒಂದು ಚಿತ್ರದಲ್ಲಂತೂ ಯಾರೂ ಇಲ್ಲ. ಕಿಟಕಿ, ಬಾಗಿಲು, ಓರೆಯಾಗಿ ಇಳಿದ ಬಿಸಿಲಿನಲ್ಲಿ ತೇಲುವ ಧೂಳು. ಅದನ್ನು ನೋಡುತ್ತಾ ಎಷ್ಟು ಹೊತ್ತಾದರೂ ಕೂರಬಲ್ಲೆ.

ಹಾಗಾಗಿ ನನ್ನ ಚಿತ್ರಗಳಲ್ಲಿ ಜನ ಕಡಿಮೆ. ಇದ್ದವರು ಏನೋ ಒಂದು ಕೆಲಸದ ಮಧ್ಯದಲ್ಲಿರುತ್ತಾರೆ. ಕ್ಯಾಮೆರಾ ನೋಡುವುದಿಲ್ಲ. ಎಷ್ಟೋ ಸಲ ಚೌಕಟ್ಟಿನ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತಾರೆ. ಆಚೆಗೂ ಕಟ್ಟಡ ಮುಂದುವರಿದಿದೆ ಎಂದು ಆ ಅರ್ಧ ದೇಹ ಹೇಳುತ್ತದೆ. ವಸ್ತುಗಳ ವಿಷಯದಲ್ಲೂ ಇದೇ. ಪ್ರತಿ ರೆಂಡರ್‌ನಲ್ಲೂ ಅದೇ ಮಾನ್‌ಸ್ಟೆರಾ ಗಿಡ, ಮೇಜಿನ ಮೇಲೆ ಅದೇ ಹಳೇ ಕ್ಯಾಮೆರಾ, ಅದೇ ಪತ್ರಿಕೆಗಳ ಅಡಕಲು. ಒಂದು ವಸ್ತು ಇಡುವ ಮುಂಚೆ ಇದನ್ನು ಯಾರು ಇಲ್ಲಿಟ್ಟರು, ಯಾಕೆ ಎಂದು ನನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತೆಗೆಯುತ್ತೇನೆ. ಬಳಕೆಯ ಗುರುತುಗಳು ಮಾತ್ರ ಜಾಸ್ತಿ ಇರಲಿ: ಕೈ ತಾಗಿ ತಾಗಿ ನಯವಾದ ಕಂಬಿ, ನಡುವೆ ಸವೆದು ಹೊಳೆಯುವ ಮೆಟ್ಟಿಲಿನ ಅಂಚು, ಮೇಜಿನಿಂದ ಸ್ವಲ್ಪ ಓರೆಯಾಗಿ ಹಿಂದೆ ಸರಿದ ಕುರ್ಚಿ.

ಮಂಜು ಬೇಡವೇ ಬೇಡ ಎಂದಲ್ಲ. ದೂರ ತೋರಿಸಲು ಬೇಕಾದಷ್ಟು, ಡೆಪ್ತ್ ಪಾಸ್‌ನಿಂದ (ಯಾವುದು ಎಷ್ಟು ದೂರ ಎಂದು ಹೇಳುವ ಬೂದು ಚಿತ್ರ), ತೆಳ್ಳಗೆ. ಅಲ್ಲಿಗೆ ನಿಲ್ಲಿಸಿ.

ಇನ್ನು ಎಐ. ಚಿತ್ರಕ್ಕೆ ಜನರನ್ನು, ಗಿಡಗಳನ್ನು ಸೇರಿಸಲು ಈಗ ತುಂಬಾ ಜನ ಅದನ್ನು ಬಳಸುತ್ತಾರೆ. ನಾನೂ ಬಳಸುತ್ತೇನೆ, ಸಣ್ಣ ಜಾಗಕ್ಕೆ ಮಾತ್ರ. ಇಡೀ ಚಿತ್ರ ಕೊಟ್ಟರೆ ಅದು ಕಿಟಕಿಯ ಚೌಕಟ್ಟುಗಳ ಸಂಖ್ಯೆ ಬದಲಿಸುತ್ತದೆ, ಇಟ್ಟಿಗೆಯ ಜೋಡಣೆ ಬದಲಿಸುತ್ತದೆ, ಸಿಲ್ ಏರಿಸುತ್ತದೆ. ಆ 40 ಸೆಂಟಿಮೀಟರ್ 90 ಆದರೆ ನನ್ನ ಹುಡುಗಿಗೆ ಹೊರಗೆ ಕಾಣುವುದಿಲ್ಲ. ಆದ್ದರಿಂದ ಮೂಲ ರೆಂಡರನ್ನು ಮೇಲೊಂದು ಪದರವಾಗಿ ಇಟ್ಟು ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್ ಮೋಡ್‌ನಲ್ಲಿ ಹೋಲಿಸಿದ ಮೇಲೆಯೇ ಮುಂದಿನ ಕೆಲಸ.

ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಕ್ಲೇ ರೆಂಡರ್ ಬಗ್ಗೆ. ಎಲ್ಲ ಮಟೀರಿಯಲ್ ತೆಗೆದು ಇಡೀ ಸೀನನ್ನು ಒಂದೇ ಬೂದು ಬಣ್ಣಕ್ಕೆ ತನ್ನಿ. ಒಂದೇ ಬೆಳಕು ಇಡಿ. ಚಿಕ್ಕ ಗಾತ್ರದಲ್ಲಿ ರೆಂಡರ್ ಮಾಡಿ ಬೆರಳಿನ ಉಗುರಿನಷ್ಟಕ್ಕೆ ಇಳಿಸಿ ನೋಡಿ. ಆಗಲೂ ಹೊತ್ತು ಯಾವುದು, ಕಣ್ಣು ಎಲ್ಲಿಗೆ ಹೋಗಬೇಕು ಎಂದು ತಿಳಿಯುತ್ತಿದ್ದರೆ ಮುಂದುವರಿಯಿರಿ. ಬೂದಿನಲ್ಲಿ ಬಾರದ ಭಾವ ಮರದ ಟೆಕ್ಸ್ಚರ್ ಹಾಕಿದರೆ ಬರುವುದಿಲ್ಲ.

ಗಿರಾಕಿಗಳು ಬಿಸಿಲು ಕೇಳುತ್ತಲೇ ಇರುತ್ತಾರೆ. ಕೇಳುವುದು ತಪ್ಪಲ್ಲ, ಬಿಸಿಲು ಎಲ್ಲರಿಗೂ ಇಷ್ಟ. ಗ್ರಂಥಾಲಯದ ಕೆಲಸದಲ್ಲೂ ಕೇಳಿದರು. ಉತ್ತರದ ಕಿಟಕಿಗೆ ಸುಳ್ಳು ಬಿಸಿಲು ತರುವ ಬದಲು ಕಟ್ಟಡದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಹುಡುಕಿದೆ. ಪೂರ್ವದ ಪತ್ರಿಕೆ ಕೋಣೆಗೆ ಬೆಳಿಗ್ಗೆ ಉದ್ದನೆಯ ಬಿಸಿಲು ಬರುತ್ತಿತ್ತು. ಸೂರ್ಯ 15 ಡಿಗ್ರಿ ಎತ್ತರದಲ್ಲಿದ್ದಾಗ ಒಂದು ಮೀಟರ್ ಎತ್ತರದ ವಸ್ತುವಿನ ನೆರಳು ಸುಮಾರು 3.7 ಮೀಟರ್ ಚಾಚುತ್ತದೆ. ಕುರ್ಚಿಗಳ ನೆರಳು ಎದುರು ಗೋಡೆಯ ಮೇಲೆ ಹತ್ತಿದ್ದವು. ಅದೇ ಎರಡನೆಯ ಚಿತ್ರವಾಯಿತು. ಕಟ್ಟಡ ಮುಗಿದ ಮೇಲೆ ಯಾರಾದರೂ ಬೆಳಿಗ್ಗೆ ಅಲ್ಲಿಗೆ ಹೋದರೆ ಅದು ಹಾಗೇ ಕಾಣಬೇಕು. ಚಿತ್ರ ನೋಡಿ ಒಪ್ಪಿದವರಿಗೆ ನಾವು ಕೊಟ್ಟ ಮಾತು ಅದು.

ಈಗ ಮಾಡುತ್ತಿರುವುದು ಒಂದು ಆಸ್ಪತ್ರೆಯ ಕಾಯುವ ಕೋಣೆ. ರಾತ್ರಿಯ ಚಿತ್ರ. ಕ್ಯಾಮೆರಾ ಕೂತವರ ಎತ್ತರದಲ್ಲಿ ಇರಬೇಕು ಅನ್ನುವುದಷ್ಟೇ ಸದ್ಯಕ್ಕೆ ತೀರ್ಮಾನವಾಗಿದೆ. ಕಾಯುವವರ ಮುಖದ ಮೇಲೆ ನೇರ ಬೆಳಕು ಬೀಳಬಾರದು ಎಂದು ಆರ್ಕಿಟೆಕ್ಟ್ ದೀಪಗಳನ್ನೆಲ್ಲ ಗೋಡೆಯ ಕಡೆ ತಿರುಗಿಸಿದ್ದಾರೆ. ಅದು ನಿಜಕ್ಕೂ ಹೇಗೆ ಹರಡುತ್ತದೆ ಎಂದು ನೋಡಬೇಕು. ಆ ದೀಪಗಳ ಐಇಎಸ್ ಫೈಲ್‌ಗಳನ್ನು, ಅಂದರೆ ಪ್ರತಿ ದೀಪ ಯಾವ ದಿಕ್ಕಿಗೆ ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಅಳತೆಗಳನ್ನು, ಕೇಳಿದ್ದೇನೆ. ಅವು ಬಂದ ಮೇಲೆ ಕ್ಲೇ ರೆಂಡರ್ ಶುರು.